ಬಾಲವೊಂದು ಬಸ್ಸಾದ ಕತೆ

ಕಲಬುರಗಿ ಜಿಲ್ಲೆಯ ತೆಂಗಳಿಯ ಮಕ್ಕಳಿಗೂ ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಮಕ್ಕಳಿಗೂ ದಿನಾ ಬಾಯಲ್ಲಿ ಆಡುವ ಒಂದು ಪದವಿದೆ: ಬಸ್ಸು. ‘ಬಸ್ ಬಂತ್ ನೋಡ್ರಿ’, ‘ಬಸ್ಸಿನ್ಯಾಗ ಭಾಳ ಗದ್ಲ ಅದ’, ‘ಬಸ್ ತಪ್ತು, ಇನ್ನ ಟಂಟಂಗೇ ಹೋಗಬೇಕು’. ಇಷ್ಟು ಬಳಕೆಯ ಪದ ಎಲ್ಲಿಂದ ಬಂತೆಂದು ಕೇಳಬೇಕೆಂದೇ ನಮಗೆ ಅನಿಸುವುದಿಲ್ಲ. ಕೇಳಿದರೂ ‘ಇಂಗ್ಲಿಷಿನಿಂದ ಬಂತು’ ಎಂದು ಯಾರಾದರೂ ಹೇಳಿಬಿಡುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ. ಸರಿ, ಇಂಗ್ಲಿಷಿಗೆ ಅದು ಎಲ್ಲಿಂದ ಬಂತು?

ಇನ್ನೂರು ವರ್ಷಗಳ ಹಿಂದೆ, 1820ರ ದಶಕದಲ್ಲಿ, ಫ್ರಾನ್ಸ್ ದೇಶದಲ್ಲಿ ಕುದುರೆಗಳು ಎಳೆಯುವ ಉದ್ದನೆಯ ಬಂಡಿಗಳು ಬಂದವು. ಅಲ್ಲಿಯವರೆಗೆ ಬಾಡಿಗೆಗೆ ಗಾಡಿ ಮಾಡಿಕೊಂಡು ಹೋಗಲು ದುಡ್ಡಿದ್ದವರಿಗಷ್ಟೇ ಆಗುತ್ತಿತ್ತು. ಈ ಹೊಸ ಬಂಡಿಯಲ್ಲಿ ಚಿಲ್ಲರೆ ಕೊಟ್ಟು ಯಾರು ಬೇಕಾದರೂ ಹತ್ತಬಹುದಿತ್ತು. ಅದಕ್ಕೆ ಹೆಸರಿಡಲು ಜನ ಲ್ಯಾಟಿನ್ ಎಂಬ ಹಳೆಯ ಭಾಷೆಗೆ ಹೋದರು. ‘ಒಮ್ನಿಬುಸ್’ ಎಂದರೆ ಲ್ಯಾಟಿನ್‌ನಲ್ಲಿ ‘ಎಲ್ಲರಿಗೆ’ ಎಂದು ಅರ್ಥ. 1829ರಲ್ಲಿ ಜಾರ್ಜ್ ಶಿಲಿಬೀರ್ ಎಂಬಾತ ಅಂಥದೇ ಬಂಡಿಯನ್ನು ಲಂಡನ್ನಿನಲ್ಲಿ ಓಡಿಸತೊಡಗಿದ. ಪದ ಅಲ್ಲಿಗೂ ಹೋಯಿತು, ‘ಆಮ್ನಿಬಸ್’ ಎಂದಾಯಿತು. ಕೆಲವೇ ವರ್ಷಗಳಲ್ಲಿ ಲಂಡನ್ನಿನ ಜನ ಅದರ ಮುಂದಿನ ಭಾಗವನ್ನು ಬಿಟ್ಟು ಬರೀ ‘ಬಸ್’ ಎನ್ನತೊಡಗಿದರು.

ಇಲ್ಲಿ ಸ್ವಲ್ಪ ನಿಂತು ನೋಡಿ. ‘ಒಮ್ನಿಬುಸ್’ ಎಂಬುದರಲ್ಲಿ ಅರ್ಥ ಇರುವುದು ‘ಒಮ್ನಿ’ಯಲ್ಲಿ. ‘ಎಲ್ಲ’ ಎನ್ನುವುದು ಅದೇ. ‘ಬುಸ್’ ಬರೀ ಬಾಲ. ನಿಮ್ಮ ವ್ಯಾಕರಣ ಪುಸ್ತಕದಲ್ಲಿ ಚತುರ್ಥಿ ವಿಭಕ್ತಿ ಎಂದು ಓದಿದ್ದೀರಲ್ಲ, ರಾಮನಿಗೆ, ಊರಿಗೆ, ಎಲ್ಲರಿಗೆ, ಅದರ ‘ಗೆ’ ಇದ್ದ ಹಾಗೆ. ಅಂದರೆ ಜನ ಅರ್ಥವಿದ್ದ ತಲೆಯನ್ನು ಕತ್ತರಿಸಿ ಎಸೆದರು, ಅರ್ಥವಿಲ್ಲದ ಬಾಲವನ್ನು ಇಟ್ಟುಕೊಂಡರು. ಕನ್ನಡದಲ್ಲಿ ಹೀಗಾಗಿದ್ದರೆ ನಾವು ‘ಗೆ ಬಂತು, ಗೆ ಹೋಯಿತು, ಗೆ ತಪ್ಪಿತು’ ಎನ್ನುತ್ತಿದ್ದೆವು! ಬಿಟ್ಟುಹೋದ ಆ ತಲೆಯನ್ನು ನಮ್ಮ ರಸ್ತೆಯಲ್ಲಿ ಬೇರೊಂದು ಗಾಡಿಯ ಬೆನ್ನ ಮೇಲೆ ಓದಬಹುದು. ಮಾರುತಿ ಒಮ್ನಿ ವ್ಯಾನು ಹೋಗುವಾಗ ಅದರ ಹಿಂದೆ ಬರೆದಿದ್ದನ್ನು ನೋಡಿ.

ಬಾಲಕ್ಕೆ ಒಮ್ಮೆ ಜೀವ ಬಂದ ಮೇಲೆ ಅದು ಸುಮ್ಮನಿರಲಿಲ್ಲ. ಮಿನಿಬಸ್ ಆಯಿತು, ಟ್ರಾಲಿಬಸ್ ಆಯಿತು. ಉದ್ದ ಪದವನ್ನು ತುಂಡರಿಸಿ ಹೊಸ ಪದ ಮಾಡಿಕೊಳ್ಳುವುದು ಇಂಗ್ಲಿಷಿಗೆ ಬಹಳ ಇಷ್ಟ. ಟೆಲಿಫೋನ್ ಹೋಗಿ ಫೋನ್, ಎಕ್ಸಾಮಿನೇಷನ್ ಹೋಗಿ ಎಕ್ಸಾಮ್, ಇನ್‌ಫ್ಲುಯೆಂಜಾ ಹೋಗಿ ಫ್ಲೂ. ನಾವೂ ಇದನ್ನು ಮಾಡುತ್ತೇವೆ, ಹೆಚ್ಚಾಗಿ ಹೆಸರುಗಳಿಗೆ. ಶರಣಬಸಪ್ಪ ಎಂದು ತೊಟ್ಟಿಲಲ್ಲಿ ಕೂಗಿದ ಹೆಸರು ಓಣಿಯಲ್ಲಿ ‘ಶರಣು’ ಆಗುತ್ತದೆ, ಬಸವರಾಜ ‘ಬಸ್ಯಾ’ ಆಗುತ್ತಾನೆ.

ಆ ಬಾಲ ನಮ್ಮ ಕಡೆ ಬಂದಾಗ ಏನಾಯಿತೆಂಬುದು ನನಗೆ ಇದೆಲ್ಲಕ್ಕಿಂತ ಹೆಚ್ಚು ಸೋಜಿಗದ್ದು. ನಿಮ್ಮ ಮುತ್ಯಾನ ಮುತ್ಯಾನ ಕಾಲಕ್ಕೆ ಈ ಸೀಮೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅಲ್ಲಿ ಆಳುತ್ತಿದ್ದ ನಿಜಾಮರ ರೈಲ್ವೆ ಇಲಾಖೆಯೇ 1932ರಲ್ಲಿ ಬಸ್ಸುಗಳನ್ನು ಓಡಿಸತೊಡಗಿತು. ಗಾಡಿಯ ಜೊತೆಗೆ ಅದರ ಹೆಸರೂ ಬಂತು. ‘ಬಸ್’ ಎಂದು ಬಂದದ್ದು ಕನ್ನಡದ ಬಾಯಿಗೆ ಬಿದ್ದು ‘ಬಸ್ಸು’ ಆಯಿತು. ಕೊನೆಗೆ ಒಂದು ‘ಉ’ ಸೇರಿತು, ಜೊತೆಗೆ ‘ಸ’ಕ್ಕೆ ಒಂದು ಒತ್ತು ಬಂತು. ‘ಬಸು’ ಎಂದು ಯಾಕೆ ಆಗಲಿಲ್ಲ?

ಇನ್ನಷ್ಟು ಪದಗಳನ್ನು ಪಕ್ಕಕ್ಕೆ ಇಟ್ಟು ನೋಡೋಣ. ಪೆನ್ ಎಂಬುದು ಪೆನ್ನು ಆಗುತ್ತದೆ, ಮಿಲ್ ಮಿಲ್ಲು, ನಟ್ ನಟ್ಟು. ಇಲ್ಲೆಲ್ಲ ಒತ್ತು ಬಂತು. ಕಾರ್ ಮಾತ್ರ ಕಾರು, ‘ಕಾರ್ರು’ ಅಲ್ಲ. ಫೋನ್ ಫೋನು, ಜೀಪ್ ಜೀಪು, ರೋಡ್ ರೋಡು. ಇಲ್ಲಿ ಒತ್ತಿಲ್ಲ. ವ್ಯತ್ಯಾಸ ಎಲ್ಲಿದೆ, ಹೇಳಿ? ಮುಂದೆ ಓದುವ ಮೊದಲು ಎರಡು ಗುಂಪನ್ನೂ ಜೋರಾಗಿ ಹೇಳಿ ನೋಡಿ.

ಮೊದಲ ಗುಂಪಿನಲ್ಲಿ ಸ್ವರ ಗಿಡ್ಡ: ಬ, ಪೆ, ಮಿ, ನ. ಎರಡನೆಯದರಲ್ಲಿ ಸ್ವರ ಉದ್ದ: ಕಾ, ಫೋ, ಜೀ, ರೋ. ಗಿಡ್ಡ ಸ್ವರದ ಚಿಕ್ಕ ಪದವಾದರೆ ಒತ್ತು ಬರುತ್ತದೆ, ಉದ್ದ ಸ್ವರವಾದರೆ ಬರುವುದಿಲ್ಲ. ಇದನ್ನು ಯಾರು ಕಲಿಸಿದರು? ಯಾವ ಮಾಸ್ತರರೂ ಕಲಿಸಲಿಲ್ಲ. ಆದರೂ ತೆಂಗಳಿಯಿಂದ ಮಂಗಳೂರಿನ ತನಕ ಒಂದು ಮಗುವೂ ‘ಪೆನು’ ಎನ್ನುವುದಿಲ್ಲ, ‘ಕಾರ್ರು’ ಎನ್ನುವುದಿಲ್ಲ.

ಈ ನಿಯಮ ಇಂಗ್ಲಿಷ್ ಬರುವುದಕ್ಕೆ ನೂರಾರು ವರ್ಷ ಮೊದಲೇ ಇತ್ತು. ಅದನ್ನು ನೋಡಲು ನಾವು ಸೇಡಂ ತಾಲ್ಲೂಕಿನ ಮಳಖೇಡಕ್ಕೆ ಹೋಗಬೇಕು. ಕಾಗಿಣಾ ನದಿಯ ದಂಡೆಯ ಈ ಊರು ಸಾವಿರದ ಇನ್ನೂರು ವರ್ಷಗಳ ಹಿಂದೆ ಮಾನ್ಯಖೇಟ, ರಾಷ್ಟ್ರಕೂಟ ದೊರೆಗಳ ರಾಜಧಾನಿ. ಅಲ್ಲಿ ಅಮೋಘವರ್ಷ ನೃಪತುಂಗ ಆಳುತ್ತಿದ್ದಾಗ, ಸುಮಾರು 850ರಲ್ಲಿ, ಅವನ ಆಸ್ಥಾನದ ಶ್ರೀವಿಜಯ ‘ಕವಿರಾಜಮಾರ್ಗ’ವನ್ನು ಬರೆದ. ನಮಗೆ ಸಿಕ್ಕಿರುವ ಕನ್ನಡ ಪುಸ್ತಕಗಳಲ್ಲಿ ಎಲ್ಲಕ್ಕಿಂತ ಹಳೆಯದು ಇದೇ. ಆ ಕಾಲದ ಕನ್ನಡದಲ್ಲಿ ಕಲ್ಲಿಗೆ ‘ಕಲ್’ ಎನ್ನುತ್ತಿದ್ದರು, ಕಣ್ಣಿಗೆ ‘ಕಣ್’, ಮಣ್ಣಿಗೆ ‘ಮಣ್’, ನೀರಿಗೆ ‘ನೀರ್’, ಹಾಲಿಗೆ ‘ಪಾಲ್’, ಮೀನಿಗೆ ‘ಮೀನ್’. ಆಮೇಲಿನ ಶತಮಾನಗಳಲ್ಲಿ ಕನ್ನಡಿಗರಿಗೆ ವ್ಯಂಜನದಲ್ಲಿ ಮಾತು ನಿಲ್ಲಿಸುವುದು ಒಗ್ಗದಾಯಿತು. ಕೊನೆಗೆ ‘ಉ’ ಸೇರಿಸತೊಡಗಿದರು. ಕಲ್ಲು, ಕಣ್ಣು, ಮಣ್ಣು: ಗಿಡ್ಡ ಸ್ವರ, ಒತ್ತು ಬಂತು. ನೀರು, ಹಾಲು, ಮೀನು: ಉದ್ದ ಸ್ವರ, ಒತ್ತು ಇಲ್ಲ.

ಅಂದರೆ ‘ಕಲ್’ ಕಲ್ಲಾದ ದಾರಿಯಲ್ಲೇ ‘ಬಸ್’ ಬಸ್ಸಾಗಿದೆ. ‘ನೀರ್’ ನೀರಾದ ದಾರಿಯಲ್ಲೇ ‘ಕಾರ್’ ಕಾರಾಗಿದೆ. ಹಳಗನ್ನಡದ ‘ಬಿಲ್’ ಅರ್ಜುನನ ಕೈಯ ಬಿಲ್ಲು. ಕರೆಂಟಿನ ಆಫೀಸಿನಿಂದ ಬರುವ ‘ಬಿಲ್’ ಕೂಡ ಈಗ ಬಿಲ್ಲು. ಎರಡೂ ಒಂದೇ ಮೂಸೆಯಲ್ಲಿ ಬಿದ್ದು ಒಂದೇ ರೂಪ ತಾಳಿದವು. ಇದನ್ನು ಮೊದಲ ಸಲ ಗಮನಿಸಿದ ದಿನದಿಂದ ‘ಬಸ್ಸು ಪರದೇಶದ ಪದ’ ಎಂದು ಬರೆಯಲು ನನಗೆ ಮನಸ್ಸು ಬರುವುದಿಲ್ಲ. ಅದರ ಧಾತು ಹೊರಗಿನದು, ಮೈಕಟ್ಟು ಕನ್ನಡದ್ದು.

ನಮ್ಮ ಕಡೆ ಬಿರುಸಾಗಿ ಮಾತಾಡುವಾಗ ಕೊನೆಯ ‘ಉ’ ಬಿದ್ದುಹೋಗುತ್ತದಲ್ಲ, ‘ಬಸ್ ಬಂತ್’ ಎನ್ನುತ್ತೇವಲ್ಲ, ಎಂದು ಯಾರಾದರೂ ಕೇಳಬಹುದು. ಒಳ್ಳೆಯ ಪ್ರಶ್ನೆ. ಆದರೆ ‘ಬಸ್ಸಿಗೆ’ ಎಂದಾಗ, ‘ಬಸ್ಸಿನ್ಯಾಗ’ ಎಂದಾಗ ಆ ಒತ್ತು ಮತ್ತೆ ಎದ್ದು ಬರುತ್ತದೆ. ನಿಯಮ ಎಲ್ಲಿಗೂ ಹೋಗಿರಲಿಲ್ಲ, ಒಳಗೇ ಕೂತಿತ್ತು.

ಹೀಗೆ ಒಳಗೆ ಕೂತ ನಿಯಮವನ್ನು ಹೊರಗೆ ತಂದು ತೋರಿಸಿದ ಒಂದು ಹೆಸರಾಂತ ಪ್ರಯೋಗವಿದೆ. ಅಮೆರಿಕದ ಜೀನ್ ಬರ್ಕೊ ಎಂಬ ವಿಜ್ಞಾನಿ 1958ರಲ್ಲಿ ಅದನ್ನು ಪ್ರಕಟಿಸಿದರು. ಆಕೆ ನಾಲ್ಕರಿಂದ ಏಳು ವರ್ಷದ ಮಕ್ಕಳಿಗೆ ಹಕ್ಕಿಯಂಥ ಒಂದು ಗುಂಡನೆಯ ಪ್ರಾಣಿಯ ಚಿತ್ರ ತೋರಿಸಿ, ‘ಇದು ವಗ್’ ಎಂದರು. ಅಂಥ ಪ್ರಾಣಿ ಲೋಕದಲ್ಲಿಲ್ಲ, ಅಂಥ ಪದವೂ ಇರಲಿಲ್ಲ. ಆಮೇಲೆ ಎರಡು ಪ್ರಾಣಿಗಳ ಚಿತ್ರ ತೋರಿಸಿ, ‘ಈಗ ಎರಡಿವೆ, ಏನೆನ್ನುತ್ತೀರಿ?’ ಎಂದು ಕೇಳಿದರು. ಹೆಚ್ಚಿನ ಮಕ್ಕಳು ತಟ್ಟನೆ ‘ವಗ್ಜ್’ ಎಂದರು. ಎಂದೂ ಕೇಳದ ಪದಕ್ಕೆ ಬಹುವಚನ ಮಾಡಿದರು! ಮಕ್ಕಳು ಕೇಳಿದ್ದನ್ನಷ್ಟೇ ಗಿಳಿಯ ಹಾಗೆ ಒಪ್ಪಿಸುವುದಿಲ್ಲ, ಕೇಳಿದ್ದರೊಳಗಿನ ನಿಯಮವನ್ನು ತಾವೇ ಹೆಕ್ಕಿಕೊಂಡಿರುತ್ತಾರೆ ಎಂದು ಇದರಿಂದ ಗೊತ್ತಾಯಿತು.

ನೀವೂ ಮಾಡಿ ನೋಡಬಹುದು. ಇಲ್ಲದ ಎರಡು ವಸ್ತುಗಳ ಚಿತ್ರ ಬರೆಯಿರಿ. ಒಂದಕ್ಕೆ ‘ಕಿಬ್’, ಇನ್ನೊಂದಕ್ಕೆ ‘ಕೀಬ್’ ಎಂದು ಹೆಸರಿಡಿ. ನಿಮ್ಮ ತಮ್ಮನಿಗೋ ತಂಗಿಗೋ ತೋರಿಸಿ, ‘ಇದರೊಳಗೆ ಇರುವೆ ಹೋಯ್ತು, ಯಾವುದರೊಳಗೆ?’ ಎಂದು ಕೇಳಿ. ‘ಕಿಬ್ಬಿನ್ಯಾಗ’ ಎಂದು ಒತ್ತು ಹಾಕಿ, ‘ಕೀಬಿನ್ಯಾಗ’ ಎಂದು ಒತ್ತಿಲ್ಲದೆ ಹೇಳಿದರೆ ನಿಯಮ ಸಿಕ್ಕಿತು. ಬೇರೆ ಏನಾದರೂ ಹೇಳಿದರೆ ಅದನ್ನೂ ಹಾಗೇ ಬರೆದುಕೊಳ್ಳಿ, ತಿದ್ದಬೇಡಿ. ಪ್ರಯೋಗದಲ್ಲಿ ಬಂದ ಉತ್ತರಕ್ಕೆ ತಪ್ಪು ಸರಿ ಎಂಬುದಿಲ್ಲ.

ತಪ್ಪು ಸರಿಯ ಮಾತು ಬಂದಿದ್ದರಿಂದ ಒಂದು ವಿಷಯ ಹೇಳಲೇಬೇಕು. ಮನೆಯಲ್ಲಿ ಆಯಿ ‘ಇಸ್ಕೂಲು’ ಎಂದರೆ ಕೆಲವು ಮಕ್ಕಳು ನಗುತ್ತಾರೆ. ಮುತ್ಯಾ ‘ಟೇಸನ್’ ಎಂದರೆ ತಿದ್ದುತ್ತಾರೆ. ನಗುವುದಕ್ಕೆ ಮೊದಲು ಇದನ್ನು ಕೇಳಿ. ಅಪ್ಪಟ ಕನ್ನಡ ಪದಗಳು ‘ಸ್ಕ’, ‘ಸ್ಟ’ ಎಂದು ಶುರುವಾಗುವುದಿಲ್ಲ. ಎರಡು ವ್ಯಂಜನಗಳು ಬಾಗಿಲಲ್ಲೇ ಒಟ್ಟಿಗೆ ನಿಂತರೆ ನಾಲಿಗೆಗೆ ತೊಡಕು. ಆಗ ಎರಡು ಉಪಾಯಗಳಿವೆ. ಮುಂದೆ ಒಂದು ಸ್ವರ ಇಟ್ಟುಕೊಂಡರೆ ಇಸ್ಕೂಲು, ‘ಸ’ವನ್ನೇ ಬಿಟ್ಟರೆ ಟೇಸನ್. ಆಯಿಯ ಉಪಾಯವನ್ನೇ ಇಡೀ ಸ್ಪೇನ್ ದೇಶ ಮಾಡಿದೆ. ಲ್ಯಾಟಿನ್‌ನ ‘ಸ್ಕೋಲಾ’ ಸ್ಪೇನಿನ ಭಾಷೆಯಲ್ಲಿ ‘ಎಸ್ಕ್ವೇಲಾ’ ಆಗಿದೆ, ನಿಲ್ದಾಣಕ್ಕೆ ಅವರು ‘ಎಸ್ತಾಸಿಯೋನ್’ ಎನ್ನುತ್ತಾರೆ. ಅಲ್ಲಿ ಅದೇ ಶುದ್ಧ ರೂಪ, ಶಾಲೆಯಲ್ಲಿ ಕಲಿಸುವ ರೂಪ. ಫ್ರಾನ್ಸಿನವರು ಮೊದಲು ಸ್ವರ ಸೇರಿಸಿ, ಆಮೇಲೆ ‘ಸ’ವನ್ನೂ ಬಿಟ್ಟು ‘ಏಕೋಲ್’ ಎನ್ನುತ್ತಾರೆ. ಆಯಿಯ ನಾಲಿಗೆ ಮಾಡಿದ್ದೂ ಸ್ಪೇನಿನ ಲಕ್ಷಾಂತರ ನಾಲಿಗೆಗಳು ಮಾಡಿದ್ದೂ ಒಂದೇ ಕೆಲಸ.

ಇಂಗ್ಲಿಷಿನ ಎಷ್ಟೋ ‘ಸರಿಯಾದ’ ಪದಗಳು ಹಿಂದೆ ಯಾರೋ ಕೇಳಿಸಿಕೊಂಡ ‘ತಪ್ಪಿನಿಂದ’ ಹುಟ್ಟಿದವು. ಅಡುಗೆ ಮಾಡುವಾಗ ಮುಂದೆ ಕಟ್ಟಿಕೊಳ್ಳುವ ಬಟ್ಟೆಗೆ ಹಿಂದೆ ‘ನೇಪ್ರನ್’ ಎನ್ನುತ್ತಿದ್ದರು. ‘ಎ ನೇಪ್ರನ್’ ಎಂದದ್ದು ಕೇಳುವವರ ಕಿವಿಗೆ ‘ಆ್ಯನ್ ಏಪ್ರನ್’ ಎಂದು ಕೇಳಿಸಿತು. ‘ನ’ ಹಿಂದಿನ ಪದಕ್ಕೆ ಸರಿದುಹೋಯಿತು, ‘ಏಪ್ರನ್’ ಉಳಿಯಿತು. ಬಟಾಣಿಯದು ಇನ್ನೂ ಚೆಂದ. ಅದಕ್ಕೆ ಹಿಂದೆ ‘ಪೀಸ್’ ಎಂದಿದ್ದರು, ಅದು ಏಕವಚನವೇ. ಕೊನೆಯಲ್ಲಿ ‘ಸ್’ ಇದೆಯಲ್ಲ, ಇದು ಬಹುವಚನವೇ ಇರಬೇಕು ಎಂದು ಜನ ಊಹಿಸಿ, ಒಂದು ಕಾಳಿಗೆ ‘ಪೀ’ ಎಂಬ ಹೊಸ ಪದ ಮಾಡಿಕೊಂಡರು. ಇಂದು ನಿಮ್ಮ ಇಂಗ್ಲಿಷ್ ಪುಸ್ತಕದಲ್ಲಿ ಇರುವುದು ಆ ಊಹೆಯೇ.

ಅರ್ಥವೂ ಹೀಗೆ ಸರಿಯುತ್ತದೆ. ವಾಡಿ ಜಂಕ್ಷನ್ನಿನಲ್ಲಿ ನಿಂತು ‘ರೈಲು ಬಂತು’ ಎನ್ನುತ್ತೇವೆ. ಇಂಗ್ಲಿಷಿನವರ ‘ರೈಲ್’ ಬರುವುದೂ ಇಲ್ಲ, ಹೋಗುವುದೂ ಇಲ್ಲ, ಬಿದ್ದಲ್ಲೇ ಬಿದ್ದಿರುತ್ತದೆ. ಅದು ಕಬ್ಬಿಣದ ಹಳಿಯ ಹೆಸರು. ಮುಂಬೈ ಕಡೆಯಿಂದ ರಾಯಚೂರಿಗೆ 1871ರಲ್ಲಿ ಹಳಿ ಮುಗಿಯಿತು, ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ನಿಜಾಮರ ಹಣದಿಂದ ಇನ್ನೊಂದು ಸಾಲು ಹೋಯಿತು. ಹೊಸದಾಗಿ ಬಂದ ಈ ಅದ್ಭುತಕ್ಕೆ ಪುಸ್ತಕ ಬರೆಯುವವರು ‘ಹೊಗೆಬಂಡಿ’, ‘ಉಗಿಬಂಡಿ’ ಎಂಬ ಅಚ್ಚುಕಟ್ಟಾದ ಹೆಸರು ಮಾಡಿದರು. ಜನ ಮಾತ್ರ ಹಳಿಯ ಹೆಸರನ್ನು ಬಂಡಿಗೆ ಇಟ್ಟರು, ಅದೇ ಗೆದ್ದಿತು. ‘ಕರೆಂಟ್’ ಎಂದರೆ ಇಂಗ್ಲಿಷಿನಲ್ಲಿ ಹರಿವು. ನಾವು ‘ಕರೆಂಟು ಹೋಯ್ತು’ ಎಂದಾಗ ವಿದ್ಯುತ್ತೇ ಹೋಯಿತು ಎಂದು ಅರ್ಥ.

ಬಸ್ಸು, ರೈಲು ಬರುವ ಮೊದಲೂ ಈ ಸೀಮೆಯ ಕನ್ನಡ ಹೊಸ ಪದಗಳನ್ನು ಪಡೆಯುತ್ತಲೇ ಇತ್ತು. 1347ರಲ್ಲಿ ಕಲಬುರಗಿ ಬಹಮನಿ ಸುಲ್ತಾನರ ರಾಜಧಾನಿಯಾಯಿತು. ಅವರ ಆಸ್ಥಾನದ ಭಾಷೆ ಪಾರ್ಸಿ. ಬಹಳ ಕಾಲದ ಮೇಲೆ ಬಂದ ನಿಜಾಮರ ಕಚೇರಿಗಳಲ್ಲೂ ಮೊದಲು ಪಾರ್ಸಿ, ಆಮೇಲೆ ಉರ್ದು. ನಿಜಾಮರ ಆಳ್ವಿಕೆ ಮುಗಿದ 1948ರ ಸೆಪ್ಟೆಂಬರ್ 17ರವರೆಗೂ ಇಲ್ಲಿನ ಜನ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು ಎಂಬ ಹಾಗೆ ಬದುಕಿದರು. ಅದರ ಗುರುತು ಪದಗಳಲ್ಲಿ ಉಳಿದಿದೆ. ಕಣ್ಣು, ಕೈ, ನೀರು, ಬೆಂಕಿ, ಮಳೆ, ಹೊಲ ಎಲ್ಲ ಕನ್ನಡದವು. ಹೊಲದ ಕಾಗದ ಹಿಡಿದು ಕಚೇರಿಯ ಮೆಟ್ಟಿಲು ಹತ್ತಿದಿರೋ, ಅರ್ಜಿ, ಜಮೀನು, ವಕೀಲ, ವಸೂಲಿ, ತಹಶೀಲ್ದಾರ, ಎಲ್ಲ ಪಾರ್ಸಿ, ಅರಬ್ಬಿ ಮೂಲದವು. ‘ಕಾಗದ’ವೂ ಪಾರ್ಸಿಯದೇ! ಇಂಗ್ಲೆಂಡಿನಲ್ಲಿ ಇದೇ ನಡೆದಿತ್ತು. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯ ದೊರೆ ಇಂಗ್ಲೆಂಡನ್ನು ಗೆದ್ದ. ಮುಂದೆ ಸುಮಾರು ಮುನ್ನೂರು ವರ್ಷ ಅಲ್ಲಿ ಆಳುವವರ ಮಾತು ಫ್ರೆಂಚ್. ಇಂಗ್ಲಿಷಿನ ಐ, ಹ್ಯಾಂಡ್, ವಾಟರ್, ಫೈರ್, ರೇನ್ ಹಳೆಯ ಮನೆಮಾತಿನವು. ಕೋರ್ಟ್, ಜಡ್ಜ್, ಟ್ಯಾಕ್ಸ್, ಗವರ್ನಮೆಂಟ್ ಫ್ರೆಂಚಿನಿಂದ ಬಂದವು. ಲಂಡನ್ ಎಲ್ಲಿ, ಚಿತ್ತಾಪುರ ಎಲ್ಲಿ? ಆಡಳಿತದ ಭಾಷೆ ಬೇರೆಯಾದಾಗ ಎರಡೂ ಕಡೆ ಪದಗಳು ಒಂದೇ ಬಾಗಿಲಿನಿಂದ ಒಳಗೆ ಬಂದವು.

ತಹಶೀಲ್ದಾರ, ಜಮೀನುದಾರ ಎಂಬ ಪದಗಳ ಕೊನೆಯಲ್ಲಿರುವ ‘ದಾರ’ವನ್ನು ನೋಡಿ. ಪಾರ್ಸಿಯಲ್ಲಿ ಅದಕ್ಕೆ ‘ಹಿಡಿದವನು, ಉಳ್ಳವನು’ ಎಂದು ಅರ್ಥ. ಕನ್ನಡಿಗರು ಈ ಪದಗಳನ್ನು ಕೇಳಿ ಕೇಳಿ, ಬಾಲವನ್ನು ಬಿಡಿಸಿಕೊಂಡು ತಮ್ಮ ಪದಗಳಿಗೆ ಕಟ್ಟಿದರು. ಪಾಲು ಕನ್ನಡದ್ದು, ಪಾಲುದಾರ ಆಯಿತು. ಗುತ್ತಿಗೆ ಕನ್ನಡದ್ದು, ಗುತ್ತಿಗೆದಾರ ಆಯಿತು. ವಾಡಿಯ ಸಿಮೆಂಟ್ ಕಾರ್ಖಾನೆಯ ಸುತ್ತಮುತ್ತ ಗುತ್ತಿಗೆದಾರ ಎಂಬ ಮಾತನ್ನು ಕೇಳದ ಮನೆ ಇರಲಾರದು. ಇದೇ ಆಟವನ್ನು ಇಂಗ್ಲಿಷ್ ‘ಹ್ಯಾಂಬರ್ಗರ್’ ಎಂಬ ತಿಂಡಿಯ ಹೆಸರಿನಲ್ಲಿ ಆಡಿತು. ಜರ್ಮನಿಯಲ್ಲಿ ಹ್ಯಾಂಬರ್ಗ್ ಎಂಬ ಊರಿದೆ. ಆ ಊರಿನದು ಹ್ಯಾಂಬರ್ಗರ್, ನಾವು ಬೆಳಗಾವಿ ಕುಂದಾ ಎಂದ ಹಾಗೆ. ಜನ ಅದನ್ನು ಬೇರೆ ಕಡೆ ಕತ್ತರಿಸಿ ‘ಬರ್ಗರ್’ ಎಂದು ಬಿಡಿಸಿದರು. ಆಮೇಲೆ ಚೀಸ್‌ಬರ್ಗರ್, ವೆಜ್ ಬರ್ಗರ್. ಹ್ಯಾಂಬರ್ಗ್ ಊರಿಗೂ ಅವುಗಳಿಗೂ ಈಗ ಸಂಬಂಧವೇ ಇಲ್ಲ.

ಎರಡು ಭಾಷೆಗಳ ತುಂಡುಗಳನ್ನು ಹೀಗೆ ಕಟ್ಟುವುದು ಎಲ್ಲರಿಗೂ ಹಿಡಿಸಿದ್ದಲ್ಲ. ಮಳಖೇಡದ ಶ್ರೀವಿಜಯನೇ ಇದನ್ನು ಒಪ್ಪುತ್ತಿರಲಿಲ್ಲ. ಅವನ ಕಾಲದಲ್ಲಿ ಬೆರೆಯುತ್ತಿದ್ದದ್ದು ಸಂಸ್ಕೃತ ಮತ್ತು ಕನ್ನಡ. ಎರಡನ್ನೂ ಒಂದೇ ಸಮಾಸದಲ್ಲಿ ಸೇರಿಸಿದರೆ ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದ ಹಾಗೆ ಎಂದು ಅವನು ಎಚ್ಚರಿಸಿದ. ಹಾಲು ಒಡೆಯುವುದನ್ನು ನೋಡಿದವರಿಗೆ ಅವನ ಸಿಟ್ಟು ಅರ್ಥವಾಗುತ್ತದೆ. ಕಾವ್ಯ ಬರೆಯುವವನ ಕಿವಿ ಅಷ್ಟು ನಾಜೂಕಾಗಿರಬೇಕು ಎಂದು ನನಗೂ ಅನಿಸುತ್ತದೆ. ಆದರೆ ಸಂತೆಯಲ್ಲಿ, ಕಚೇರಿಯಲ್ಲಿ, ಹೊಲದಲ್ಲಿ ಮಾತು ಕೆಲಸ ಮಾಡಬೇಕು. ಅಲ್ಲಿ ಪಾಲುದಾರ ಒಡೆಯಲಿಲ್ಲ, ಗಟ್ಟಿಯಾಗಿ ನಿಂತ. ಶ್ರೀವಿಜಯನಿಗೆ ಇಷ್ಟವಾಗಬಹುದಾದ ದಾರಿಯೂ ಇನ್ನೂ ತೆರೆದೇ ಇದೆ. ‘ಹಿರಿದು’ ಎಂಬುದು ಇನ್ನೊಂದು ಪದಕ್ಕೆ ಸೇರುವಾಗ ‘ಹೆ’ ಎಂದು ಕುಗ್ಗಿ, ಮುಂದಿನ ಅಕ್ಷರಕ್ಕೆ ಒತ್ತು ಕೊಡುತ್ತದೆ: ಹೆಬ್ಬೆರಳು, ಹೆಮ್ಮರ, ಹೆಜ್ಜೇನು. ಈ ಹಳೆಯ ಕೀಲಿನಿಂದಲೇ ‘ಹೆದ್ದಾರಿ’ ಎಂಬ ಪದವೂ ಆಗಿದೆ. ಡಬಲ್ ಡೆಕ್ಕರ್‌ಗೆ ‘ಹೆಬ್ಬಸ್ಸು’ ಎಂದರೆ ಹೇಗೆ? ಹೇಳಿ ನೋಡಿ, ಬಾಯಿಗೆ ತೊಡಕಾಗುವುದಿಲ್ಲ.

ಪದಗಳು ಬರುವುದಷ್ಟೇ ಅಲ್ಲ, ಇಲ್ಲಿಂದ ಹೋಗುವುದೂ ಉಂಟು. ಸೇಡಂ, ಚಿಂಚೋಳಿಯ ಪೂರ್ವಕ್ಕೆ ಹೋದರೆ ತೆಲಂಗಾಣ. ಆ ಕಡೆಯ ಊರುಗಳಲ್ಲಿ ಕನ್ನಡದಷ್ಟೇ ಸಲೀಸಾಗಿ ತೆಲುಗು ಮಾತಾಡುತ್ತಾರೆ. ನಾವು ಹೆಗ್ಗಣ ಎನ್ನುವುದಕ್ಕೆ ತೆಲುಗಿನಲ್ಲಿ ‘ಪಂದಿಕೊಕ್ಕು’ ಎನ್ನುತ್ತಾರೆ. ಪಂದಿ ಎಂದರೆ ಹಂದಿ, ಕೊಕ್ಕು ಎಂದರೆ ಇಲಿ, ಹಂದಿಯಂಥ ಇಲಿ. ಇಂಗ್ಲಿಷರು ಅದನ್ನು ‘ಬ್ಯಾಂಡಿಕೂಟ್’ ಎಂದು ತೆಗೆದುಕೊಂಡರು. ಆಮೇಲೆ ಆಸ್ಟ್ರೇಲಿಯಾದಲ್ಲಿ ಉದ್ದ ಮೂತಿಯ ಒಂದು ಪ್ರಾಣಿಯನ್ನು ಕಂಡು ಅದಕ್ಕೂ ಅದೇ ಹೆಸರಿಟ್ಟರು. ಅದು ಇಲಿಯೇ ಅಲ್ಲ, ಕಾಂಗರೂವಿನ ಹಾಗೆ ಹೊಟ್ಟೆಯ ಚೀಲದಲ್ಲಿ ಮರಿ ಸಾಕುವ ಜಾತಿ. ನಮ್ಮ ನೆರೆಯವರ ಹೆಗ್ಗಣ ಸಮುದ್ರ ದಾಟಿ ಬೇರೆಯ ಪ್ರಾಣಿಯೇ ಆಗಿ ಕೂತಿದೆ. ಶಾಂಪೂ ಕೂಡ ಹಾಗೆಯೇ. ಹಿಂದಿಯಲ್ಲಿ ‘ಚಾಂಪೋ’ ಎಂದರೆ ‘ಒತ್ತು, ತಿಕ್ಕು’. ಇಂಗ್ಲಿಷಿಗೆ ಹೋದಾಗ ಮೊದಲು ಮೈ ತಿಕ್ಕುವುದಕ್ಕೆ ಆ ಹೆಸರಿತ್ತು, ಆಮೇಲೆ ತಲೆ ತೊಳೆಯುವುದಕ್ಕೆ ಬಂತು. ಈಗ ಪುಟ್ಟ ಪಾಕೀಟಿನಲ್ಲಿ ನಮ್ಮ ಕಿರಾಣಿ ಅಂಗಡಿಗೆ ತಿರುಗಿ ಬಂದಿದೆ.

ಶಹಾಬಾದಿನ ಕಲ್ಲಿನ ಖಣಿಗಳ ಹತ್ತಿರ ಹೋದರೆ ಪದ ಹುಟ್ಟುವ ಇನ್ನೂ ಎರಡು ಬಗೆಗಳನ್ನು ಕಣ್ಣಿಂದಲೇ ನೋಡಬಹುದು. ಅಲ್ಲಿಂದ ಬರುವ ಚಪ್ಪಟೆ ಸುಣ್ಣದಕಲ್ಲು ನಿಮ್ಮ ಮನೆಯ ನೆಲದಲ್ಲೂ ಇರಬಹುದು. ಅದಕ್ಕೆ ಜನ ‘ಫರ್ಸಿ’ ಎನ್ನುತ್ತಾರೆ. ‘ಫರ್ಶ್’ ಎಂದರೆ ಉರ್ದುವಿನಲ್ಲಿ ನೆಲ. ನೆಲಕ್ಕೆ ಹಾಸುವ ಕಲ್ಲಿಗೆ ನೆಲದ ಹೆಸರೇ ಆಯಿತು. ಖಣಿಯಲ್ಲಿ ಮಣ್ಣು ತೆಗೆಯುವ ಹಳದಿ ಯಂತ್ರವನ್ನು ಜೆಸಿಬಿ ಎನ್ನುತ್ತೇವಲ್ಲ, ಅದು ಒಬ್ಬ ಮನುಷ್ಯನ ಹೆಸರು. ಇಂಗ್ಲೆಂಡಿನ ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ 1945ರಲ್ಲಿ ಕಂಪನಿ ಶುರುಮಾಡಿದ. ಅವನ ಹೆಸರಿನ ಮೊದಲ ಅಕ್ಷರಗಳು ಕಂಪನಿಯ ಹೆಸರಾದವು. ಈಗ ಯಾವ ಕಂಪನಿಯ ಯಂತ್ರ ಬಂದರೂ ನಮಗೆ ಅದು ಜೆಸಿಬಿಯೇ. ಮೊದಲ ಅಕ್ಷರಗಳಿಂದ ಆದ ಪದಗಳು ಇಂಗ್ಲಿಷಿನಲ್ಲಿ ಬೇಕಾದಷ್ಟಿವೆ. ರೇಡಾರ್, ಲೇಸರ್ ಹುಟ್ಟಿದ್ದೂ ಹೀಗೆಯೇ. ಅವನ್ನು ಬಿಡಿ ಅಕ್ಷರಗಳಾಗಿ ಓದದೆ ಪದದಂತೆ ಓದಿದ್ದರಿಂದ, ಒಳಗೆ ಅಷ್ಟು ಉದ್ದದ ಹೆಸರು ಅಡಗಿದೆ ಎಂದೇ ಜನ ಮರೆತಿದ್ದಾರೆ.

ಎರಡು ಪದಗಳನ್ನು ಕತ್ತರಿಸಿ ಬೆಸೆಯುವುದೂ ಒಂದು ಬಗೆ. ಲಂಡನ್ನಿನ ಗಾಳಿಯ ಬಗ್ಗೆ 1905ರಲ್ಲಿ ಮಾತಾಡುತ್ತ ದೆ ವೋ ಎಂಬ ವೈದ್ಯರು ಸ್ಮೋಕ್ ಮತ್ತು ಫಾಗ್ ಎರಡನ್ನೂ ಸೇರಿಸಿ ‘ಸ್ಮಾಗ್’ ಎಂದರು. ನಮ್ಮ ಪತ್ರಿಕೆಗಳು ‘ಹೊಗೆಮಂಜು’ ಎಂದು ಬರೆಯುತ್ತವೆ, ಎರಡನ್ನೂ ಪೂರ್ತಿ ಇಟ್ಟು. ಅವರ ಹಾಗೆ ಕತ್ತರಿಸಿದರೆ ‘ಹೊಂಜು’ ಆದೀತು.

ಪದ ಮಾಡಲು ದೊಡ್ಡವರೇ ಆಗಬೇಕೆಂದಿಲ್ಲ. ಅಮೆರಿಕದ ಗಣಿತಜ್ಞ ಎಡ್ವರ್ಡ್ ಕ್ಯಾಸ್ನರ್, ಒಂದರ ಮುಂದೆ ನೂರು ಸೊನ್ನೆ ಬರೆದರೆ ಬರುವ ಸಂಖ್ಯೆಗೆ ಒಂದು ಹೆಸರು ಬೇಕೆಂದು ತನ್ನ ಒಂಬತ್ತು ವರ್ಷದ ಸೋದರಳಿಯ ಮಿಲ್ಟನ್ ಸಿರೊಟ್ಟಾನನ್ನು ಕೇಳಿದ. ಹುಡುಗ ‘ಗೂಗಾಲ್’ ಎಂದ. ಅದಕ್ಕೆ ಮೂಲವಿಲ್ಲ, ಧಾತುವಿಲ್ಲ, ಹುಡುಗನ ಬಾಯಿಗೆ ಬಂದ ಸದ್ದು ಅಷ್ಟೇ. 1940ರಲ್ಲಿ ಕ್ಯಾಸ್ನರ್ ಬರೆದ ಪುಸ್ತಕದಿಂದ ಅದು ಹಬ್ಬಿತು. 1998ರಲ್ಲಿ ಶುರುವಾದ ಗೂಗಲ್ ಕಂಪನಿಯ ಹೆಸರು ಬಂದಿದ್ದು ಆ ಪದದಿಂದ, ಕಾಗುಣಿತ ಮಾತ್ರ ಬದಲಾಗಿ. ಆಮೇಲೆ ಇಂಗ್ಲಿಷ್ ಅದನ್ನು ಹಾಗೇ ಕ್ರಿಯಾಪದ ಮಾಡಿಕೊಂಡಿತು, 2006ರಲ್ಲಿ ಆಕ್ಸ್‌ಫರ್ಡ್ ನಿಘಂಟಿಗೂ ಸೇರಿತು. ಕನ್ನಡ ಹಾಗೆ ಸುಲಭಕ್ಕೆ ಒಪ್ಪುವುದಿಲ್ಲ, ‘ಗೂಗಲಿದೆನು’ ಎನ್ನುವುದಿಲ್ಲ. ಪಕ್ಕದಲ್ಲಿ ‘ಮಾಡು’ ಇಟ್ಟು ‘ಗೂಗಲ್ ಮಾಡಿದೆ’ ಎನ್ನುತ್ತದೆ. ಫೋನ್ ಮಾಡು, ಡೌನ್‌ಲೋಡ್ ಮಾಡು, ಚಾರ್ಜ್ ಮಾಡು, ಎಲ್ಲ ಹಾಗೆಯೇ. ಹೆಸರು ಕೊಟ್ಟ ಮಗು ಮಿಲ್ಟನ್ ಒಬ್ಬನೇ ಅಲ್ಲ: ಪ್ಲೂಟೋ ಎಂಬ ಹೆಸರನ್ನು 1930ರಲ್ಲಿ ಸೂಚಿಸಿದವಳು ವೆನಿಷಿಯಾ ಬರ್ನಿ ಎಂಬ ಹನ್ನೊಂದು ವರ್ಷದ ಹುಡುಗಿ.

ಈಗ ನಿಮಗೊಂದು ಕೆಲಸ ಬಾಕಿ ಇದೆ. ಊರಿಂದ ಊರಿಗೆ ಓಡಾಡುವ ಮೂರು ಗಾಲಿಯ ಟಂಟಂ ಹೆಸರು ಸದ್ದಿನಿಂದ ಹುಟ್ಟಿದಂತೆ ಕೇಳಿಸುತ್ತದೆ, ‘ಫಟಫಟಿ’ ಎಂದು ಮೋಟಾರ್ ಸೈಕಲ್ಲಿಗೆ ಹೆಸರು ಬಂದ ಹಾಗೆ. ಸದ್ದನ್ನು ಪದ ಮಾಡುವುದರಲ್ಲಿ ಕನ್ನಡ ಎತ್ತಿದ ಕೈ. ಆದರೆ ಟಂಟಂ ಕೊನೆಯಾಗುವುದು ‘ಮ್’ ಎಂಬ ವ್ಯಂಜನದಲ್ಲಿ, ಅದೂ ಗಿಡ್ಡ ಸ್ವರದ ಮೇಲೆ. ಹಾಗಿದ್ದ ಮೇಲೆ ಬಸ್ಸಿನ ಹಾಗೆ ಅದೂ ‘ಟಂಟಮ್ಮು’ ಆಗಬೇಕಿತ್ತಲ್ಲ? ಪದ ಎರಡು ತುಂಡಿನದು ಎಂಬುದು ಕಾರಣವೇ? ಸದ್ದಿನ ಪದ ಎಂಬುದು ಕಾರಣವೇ? ಅಥವಾ ಇನ್ನೂ ಹೊಸದೆಂದೇ? ಒಂದು ನೋಟುಬುಕ್ಕು ತೆಗೆದುಕೊಳ್ಳಿ. ಮನೆಯಲ್ಲಿ, ಓಣಿಯಲ್ಲಿ, ಸಾಲಿಯಲ್ಲಿ ಜನ ‘ಟಂಟಂಗೆ ಹೋದೆ’ ಎನ್ನುತ್ತಾರೋ ‘ಟಂಟಮ್ಮಿಗೆ ಹೋದೆ’ ಎನ್ನುತ್ತಾರೋ, ‘ಟಂಟಂನ್ಯಾಗ’ ಎನ್ನುತ್ತಾರೋ ‘ಟಂಟಮ್ಮಿನ್ಯಾಗ’ ಎನ್ನುತ್ತಾರೋ ಕೇಳಿಸಿಕೊಂಡು, ಹೇಳಿದವರ ವಯಸ್ಸಿನ ಜೊತೆಗೆ ಬರೆದಿಡಿ. ನೇರವಾಗಿ ‘ಹೇಗೆ ಹೇಳ್ತೀರಿ?’ ಎಂದು ಮಾತ್ರ ಕೇಳಬೇಡಿ. ಹಾಗೆ ಕೇಳಿದರೆ ಎಲ್ಲರೂ ಪುಸ್ತಕದ ಮಾತಿಗೆ ತಿರುಗಿಬಿಡುತ್ತಾರೆ. ‘ಸೇಡಂಗೆ ಹೆಂಗ್ ಹೋದ್ರಿ?’ ಎಂದು ಕೇಳಿ, ಸುಮ್ಮನೆ ಕಿವಿಗೊಡಿ.